ಮೂರು ದಿನದ ನಡಿಗೆ: ಹಿಂದಿನವರು ಹಾದಿಯನ್ನು ಅಳೆದ ಬಗೆ

ಹಾಸನದಿಂದ ಮಂಗಳೂರಿಗೆ ಎಷ್ಟು ದೂರವೆಂದು ಇಂದು ಯಾರನ್ನು ಕೇಳಿದರೂ ಕಿಲೋಮೀಟರುಗಳ ಲೆಕ್ಕ ಹೇಳುತ್ತಾರೆ. ಕಾಲ್ನಡಿಗೆಯ ಕಾಲದವರು ದಿನಗಳ ಲೆಕ್ಕ ಹೇಳುತ್ತಿದ್ದರು. ಬುತ್ತಿ ಎಷ್ಟು ಕಟ್ಟಬೇಕು, ನೀರು ಎಲ್ಲಿ ಸಿಗುತ್ತದೆ, ಕತ್ತಲಾದಾಗ ಎಲ್ಲಿ ತಂಗಬೇಕು ಎಂಬುದೆಲ್ಲ ಆ ಲೆಕ್ಕವನ್ನೇ ನೆಚ್ಚಿತ್ತು. ಮುಸ್ಲಿಮನಿಗಂತೂ ಅದರ ಮೇಲೆ ಇನ್ನೊಂದು ಹೊಣೆಯಿತ್ತು. ನಾಲ್ಕು ರಕಅತ್‌ಗಳ ಫರ್ಝ್ ನಮಾಝನ್ನು ಎರಡಕ್ಕೆ ಇಳಿಸಿ ಕಸ್ರ್ ಮಾಡುವುದು, ರಮಝಾನಿನ ಉಪವಾಸವನ್ನು ಬೇರೆ ದಿನಗಳಿಗೆ ಮುಂದೂಡುವುದು, ಇವೆರಡೂ ಅವನು ಹೊರಟ ಹಾದಿ ಎಷ್ಟು ದಿನದ್ದೆಂಬುದನ್ನು ಅವಲಂಬಿಸಿದ್ದವು. ಆದುದರಿಂದಲೇ ನಡಿಗೆಯ ಹೊತ್ತನ್ನು ಅಂದಾಜು ಮಾಡುವ ವಿದ್ಯೆ ನಮ್ಮ ಫಿಕ್‌ಹ್ ಗ್ರಂಥಗಳಲ್ಲಿ ಒಂದು ಗಂಭೀರ ಚರ್ಚೆಯಾಯಿತು.

ಅಂದಿನ ಅಳತೆಗಳಲ್ಲಿ ಫರ್ಸಖ್ ಮುಖ್ಯವಾದುದು. ಇದು ಪಾರಸಿಯ ಫರ್ಸಂಗ್‌ನಿಂದ ಬಂದ ಪದ; ಸುಮಾರು ಒಂದು ಗಂಟೆಯ ನಡಿಗೆಯಷ್ಟು ದೂರ. ಮೂರು ಮೀಲ್‌ಗೆ ಒಂದು ಫರ್ಸಖ್, ನಾಲ್ಕು ಫರ್ಸಖ್‌ಗೆ ಒಂದು ಬರೀದ್. ಒಂದು ದಿನದ ಪಯಣಕ್ಕೆ ಮರ್ಹಲಾ ಎಂದು ಹೆಸರು. ನಮ್ಮ ಕನ್ನಡದ ಹಿರಿಯರೂ ಸುಮಾರು ಮೂರು ಮೈಲಿಗೆ ಹರದಾರಿ, ಸುಮಾರು ಹನ್ನೆರಡು ಮೈಲಿಗೆ ಗಾವುದ ಎನ್ನುತ್ತಿದ್ದರು. ಎಲ್ಲಿಯ ಅರೇಬಿಯಾ, ಎಲ್ಲಿಯ ಕನ್ನಡನಾಡು! ಆದರೆ ಮನುಷ್ಯನ ಕಾಲು ಎರಡೂ ಕಡೆ ಒಂದೇ ತಾನೇ?

ಹಿ. 593ರಲ್ಲಿ (ಕ್ರಿ.ಶ. 1197) ನಿಧನರಾದ ಇಮಾಮ್ ಮರ್ಗೀನಾನಿಯವರು ‘ಅಲ್ ಹಿದಾಯ’ದಲ್ಲಿ ಈ ವಿಷಯವನ್ನು ವಿವರಿಸಿರುವ ಬಗೆ ನಮಗೆ ಬಹಳ ಮೆಚ್ಚುಗೆಯಾಗುತ್ತದೆ. ಒಂಟೆಯ ನಡೆಯಲ್ಲಿ ಅಥವಾ ಕಾಲ್ನಡಿಗೆಯಲ್ಲಿ ಮೂರು ದಿನ ಹಿಡಿಯುವ ಪ್ರಯಾಣವೇ ಹುಕ್ಮುಗಳನ್ನು ಬದಲಿಸುವ ಸಫರ್ ಎಂಬುದು ಹನಫಿ ಮದ್‌ಹಬ್‌ನ ನಿಲುವು. ಇಮಾಮ್ ಅಬೂ ಯೂಸುಫ್ (ರ) ಅವರು ಎರಡು ದಿನ ಹಾಗೂ ಮೂರನೆಯ ದಿನದ ಹೆಚ್ಚಿನ ಭಾಗ ಸಾಕೆಂದರು. ಫರ್ಸಖ್‌ಗಳ ಎಣಿಕೆಯನ್ನು ಮರ್ಗೀನಾನಿಯವರು ಒಪ್ಪುವುದಿಲ್ಲ. ಸಮತಟ್ಟಾದ ಬಯಲಿನ ಹನ್ನೆರಡು ಮೈಲಿಯೂ ಘಟ್ಟ ಹತ್ತಿ ಇಳಿಯುವ ಹನ್ನೆರಡು ಮೈಲಿಯೂ ಒಂದೇ ಅಲ್ಲವೆಂಬುದನ್ನು ಶಿರಾಡಿ, ಚಾರ್ಮಾಡಿಗಳನ್ನು ಕಂಡ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಬೆಟ್ಟದ ಹಾದಿಗೆ ಬೆಟ್ಟದ ನಡೆಯನ್ನೇ ಹಿಡಿಯಬೇಕು. ಕಡಲಿಗೆ ಹದವಾದ ಗಾಳಿಯಲ್ಲಿ ಸಾಗುವ ಹಡಗಿನ ವೇಗವನ್ನು ಹಿಡಿಯಬೇಕು.

ದಿನವೆಂದರೆ ಎಷ್ಟು ಹೊತ್ತು? ಬೆಳಗಿನಿಂದ ಇರುಳಿನವರೆಗೆ ಎಡೆಬಿಡದೆ ನಡೆಯುವವರು ಯಾರೂ ಇಲ್ಲ. ವರ್ಷದ ಅತಿ ಚಿಕ್ಕ ದಿನಗಳನ್ನು ಹಿಡಿದು, ಮುಂಜಾವಿನಿಂದ ಸೂರ್ಯನು ನೆತ್ತಿ ದಾಟುವವರೆಗಿನ ನಡಿಗೆಯನ್ನು, ಅದೂ ನಡುನಡುವೆ ವಿಶ್ರಾಂತಿಯೊಂದಿಗೆ, ಒಂದು ದಿನವೆಂದು ಎಣಿಸಬೇಕೆಂದು ಹನಫಿ ಫುಕಹಾಗಳು ಬರೆದರು. ನಡೆಯೂ ಮಧ್ಯಮವಾಗಿರಬೇಕು, ಓಡುವವನ ವೇಗವೂ ಅಲ್ಲ, ಎತ್ತಿನ ಗಾಡಿಯ ನಿಧಾನವೂ ಅಲ್ಲ. ಇಲ್ಲಿ ಒಂದು ಹದೀಸ್ ನೆನಪಾಗುತ್ತದೆ. ಪ್ರವಾದಿ (ಸ) ಅವರು ಪಯಣದಲ್ಲಿ ಹಿಂದೆ ಉಳಿದು ಬಲಹೀನರನ್ನು ಮುಂದೆ ಸಾಗಿಸುತ್ತಿದ್ದರು, ತಮ್ಮ ವಾಹನದ ಮೇಲೆ ಕೂರಿಸಿಕೊಳ್ಳುತ್ತಿದ್ದರು, ಅವರಿಗಾಗಿ ದುಆ ಮಾಡುತ್ತಿದ್ದರೆಂದು ಹಝ್ರತ್ ಜಾಬಿರ್ (ರ) ಅವರ ವರದಿ ಅಬೂದಾವೂದ್‌ನಲ್ಲಿದೆ.

ಮೂರು ದಿನದ ಹಾದಿಯನ್ನು ವೇಗದ ಸವಾರನೊಬ್ಬ ಒಂದೇ ದಿನದಲ್ಲಿ ಮುಗಿಸಿದರೂ ಅವನು ಮುಸಾಫಿರನೇ ಎಂದು ಅವರು ತೀರ್ಮಾನಿಸಿದ್ದರು. ಬಸ್ಸಿನಲ್ಲಿ ಕೆಲವೇ ಗಂಟೆಗಳಲ್ಲಿ ಘಟ್ಟ ಇಳಿದುಬರುವವರ ಪ್ರಶ್ನೆಗೂ ಉತ್ತರ ಅಲ್ಲಿಂದಲೇ ಹೊರಡುತ್ತದೆ. ನಮ್ಮ ದೇಶದ ಹನಫಿ ಉಲಮಾಗಳಲ್ಲಿ ಹಲವರು ದಿನಕ್ಕೆ 16 ಮೈಲಿಯಂತೆ 48 ಮೈಲಿ, ಅಂದರೆ ಸುಮಾರು 77 ಕಿ.ಮೀ. ಎಂದು ನಿಗದಿ ಮಾಡಿದುದು ಜನರ ಅನುಕೂಲಕ್ಕಾಗಿ. ಭಟ್ಕಳದ ನವಾಯತರೂ ದಕ್ಷಿಣ ಕನ್ನಡದ ಬ್ಯಾರಿಗಳೂ ಅನುಸರಿಸುವ ಶಾಫಿಈ ಮದ್‌ಹಬ್‌ನಲ್ಲಿ ಲೆಕ್ಕ ಬೇರೆ: ಹೊರೆ ಹೊತ್ತ ಒಂಟೆಯ ನಡೆಯಲ್ಲಿ ಎರಡು ಮರ್ಹಲಾ, ಅಂದರೆ ನಾಲ್ಕು ಬರೀದ್.

ಅಂದಾಜನ್ನು ಕಲ್ಲಿನ ಮೇಲೆ ಕೆತ್ತಿಸಿದ ಅರಸರೂ ಇದ್ದರು. ಉಮಯ್ಯದ್ ಖಲೀಫ ಅಬ್ದುಲ್ ಮಲಿಕ್ (ಕ್ರಿ.ಶ. 685-705) ನೆಡಿಸಿದ ಮೈಲಿಗಲ್ಲುಗಳು ಫೆಲೆಸ್ತೀನಿನಲ್ಲಿ ಸಿಕ್ಕಿವೆ, ಈಲಿಯಾ ಎಂದರೆ ಬೈತುಲ್ ಮುಕದ್ದಸ್‌ನಿಂದಲೂ ದಮಾಸ್ಕಸ್‌ನಿಂದಲೂ ಎಷ್ಟು ಮೀಲ್ ಎಂಬುದನ್ನು ಅವುಗಳಲ್ಲಿ ಬರೆಯಲಾಗಿದೆ. ಹಾರೂನ್ ರಶೀದರ ಪತ್ನಿ ಝುಬೈದಾ ಕೂಫಾದಿಂದ ಮಕ್ಕಾದ ಹಾದಿಯುದ್ದಕ್ಕೂ ಬಾವಿ, ಕೊಳಗಳನ್ನು ಕಟ್ಟಿಸಿದರು. ಆ ಮರುಭೂಮಿಯಲ್ಲಿ ಒಂದು ದಿನದ ಲೆಕ್ಕ ತಪ್ಪಿದರೆ ಹಾಜಿಗಳ ಪ್ರಾಣಕ್ಕೇ ಸಂಚಕಾರ.

ಹದಿನಾಲ್ಕನೆಯ ಶತಮಾನದಲ್ಲಿ ಭಾರತಕ್ಕೆ ಬಂದ ಇಬ್ನ್ ಬತೂತಾ ಸಿಂಧ್‌ನಿಂದ ದೆಹಲಿಗೆ ಐವತ್ತು ದಿನದ ಹಾದಿಯೆಂದೂ ಸುಲ್ತಾನನ ಅಂಚೆ ಮಾತ್ರ ಐದೇ ದಿನಗಳಲ್ಲಿ ತಲುಪುತ್ತದೆಂದೂ ಬರೆದರು. ಕಾಲಾಳು ಅಂಚೆಯವನು ಗೆಜ್ಜೆ ಕಟ್ಟಿದ ಕೋಲು ಹಿಡಿದು ಓಡುತ್ತಿದ್ದನು. ನಮ್ಮ ಕರಾವಳಿಯನ್ನೂ ಅವರು ಅಳೆದಿದ್ದಾರೆ. ಗೋವೆಯಿಂದ ಕೊಲ್ಲಂವರೆಗೆ ಎರಡು ತಿಂಗಳ ನಡಿಗೆ, ಹಾದಿಯೆಲ್ಲ ಮರಗಳ ನೆರಳು, ಅರ್ಧ ಮೈಲಿಗೊಂದು ಮರದ ಮನೆ, ದಾರಿಹೋಕರು ಕೂರಲು ಜಗಲಿ, ಪಕ್ಕದಲ್ಲಿ ನೀರಿನ ಬಾವಿ. ಎಲ್ಲ ತಂಗುದಾಣಗಳಲ್ಲೂ ಮುಸ್ಲಿಮರ ಮನೆಗಳಿದ್ದವು. ಪರದೇಶದ ಮುಸಾಫಿರರು ಅಲ್ಲಿ ಇಳಿದುಕೊಳ್ಳುತ್ತಿದ್ದರು. ಮನೆಯವರು ಅವರಿಗೆ ಬೇಕಾದುದನ್ನು ಮಾರುತ್ತಿದ್ದರು, ಅಡುಗೆಯನ್ನೂ ಮಾಡಿಕೊಡುತ್ತಿದ್ದರು. ಆ ಮನೆಗಳಿಲ್ಲದಿದ್ದರೆ ಮುಸ್ಲಿಮನೊಬ್ಬ ಆ ಎರಡು ತಿಂಗಳ ಹಾದಿಯನ್ನು ನಡೆಯುವುದೇ ಸಾಧ್ಯವಿರಲಿಲ್ಲವೆಂದು ಅವರು ಹೇಳುತ್ತಾರೆ.