ಮೊದಲು ಬಾಗಿಲು, ಆಮೇಲೆ ಪ್ರಶ್ನೆ
ಸೇಂಟ್ ಮಾರ್ಟಿನ್ಸ್ ಚರ್ಚಿನ ನೂರು ವರ್ಷ ಮೀರಿದ ಸೇವೆ

ಲಂಡನ್ನಿನ ಟ್ರಫಾಲ್ಗರ್ ಚೌಕದ ಮೂಲೆಯಲ್ಲಿರುವ ಸೇಂಟ್ ಮಾರ್ಟಿನ್-ಇನ್-ದ-ಫೀಲ್ಡ್ಸ್ ಚರ್ಚು ವಾಸ್ತುಶಿಲ್ಪಿ ಜೇಮ್ಸ್ ಗಿಬ್ಸ್ ಕಟ್ಟಿದ್ದು. 1726ರಲ್ಲಿ ಪೂರ್ಣಗೊಂಡ ಈ ಕಟ್ಟಡಕ್ಕೆ 2026ಕ್ಕೆ ಮುನ್ನೂರು ವರ್ಷ. ಅದರ ಎತ್ತರದ ಕಂಬಗಳನ್ನೂ ಗೋಪುರವನ್ನೂ ನೋಡಲು ಪ್ರವಾಸಿಗರು ಬರುತ್ತಾರೆ. ಪಕ್ಕದ ಅಡಿಲೇಡ್ ಸ್ಟ್ರೀಟಿನ ಬಾಗಿಲಿಗೆ ಬರುವವರು ಬೇರೆ. ಅಂಗಡಿಯ ಮುಂಗಟ್ಟಿನಲ್ಲೋ ರಾತ್ರಿ ಬಸ್ಸಿನಲ್ಲೋ ಇರುಳು ಕಳೆದವರು ಅವರು. ಈ ಎರಡನೆಯ ಬಾಗಿಲಿನ ಚರಿತ್ರೆಯನ್ನು ಇಲ್ಲಿ ದಾಖಲಿಸಬೇಕಿದೆ.

1914ರಲ್ಲಿ ಇಲ್ಲಿಗೆ ಪಾದ್ರಿಯಾಗಿ ಬಂದ ಡಿಕ್ ಶೆಪರ್ಡ್ ಮಹಾಯುದ್ಧದ ಸಂಕಟವನ್ನು ಫ್ರಾನ್ಸಿನಲ್ಲಿ ಕಣ್ಣಾರೆ ಕಂಡಿದ್ದರು. ಚರ್ಚಿನಿಂದ ನಾಲ್ಕು ಹೆಜ್ಜೆಯಲ್ಲೇ ಚೇರಿಂಗ್ ಕ್ರಾಸ್ ರೈಲು ನಿಲ್ದಾಣ. ರಣರಂಗಕ್ಕೆ ಹೊರಟವರೂ ಮರಳಿದವರೂ ದಣಿದು ಅಲ್ಲಿ ನಿಲ್ಲುತ್ತಿದ್ದರು. ಅವರಿಗಾಗಿ ಶೆಪರ್ಡ್ ಚರ್ಚನ್ನು ತೆರೆದಿಟ್ಟರು. ಯುದ್ಧ ಮುಗಿಯಿತು, ಬಾಗಿಲು ಮುಚ್ಚಲಿಲ್ಲ. ಸೈನಿಕರಿದ್ದ ಜಾಗಕ್ಕೆ ಕೆಲಸವಿಲ್ಲದವರು, ಸೂರಿಲ್ಲದವರು ಬಂದರು. 1924ರ ಜನವರಿ 6ರಂದು ಬಿಬಿಸಿ ಇಲ್ಲಿನ ಪ್ರಾರ್ಥನೆಯನ್ನು ಪ್ರಸಾರ ಮಾಡಿದ ಮೇಲೆ ಚರ್ಚಿನ ಹೆಸರು ದೇಶದ ಮನೆಮನೆಗೆ ತಲುಪಿತು. ಅದೇ ದಶಕದಲ್ಲಿ ಶುರುವಾದ, ಹಣದ ನೆರವು ಕೋರುವ ಕ್ರಿಸ್‌ಮಸ್ ಮನವಿ ಇಂದಿಗೂ ರೇಡಿಯೊದಲ್ಲಿ ಕೇಳಿಬರುತ್ತದೆ. ದಯೆಯಿಂದ ಆರಂಭವಾದ ಕೆಲಸಕ್ಕೆ 1948ರಲ್ಲಿ ಸಮಾಜ ಸೇವಾ ಘಟಕದ ರೂಪ ಬಂತು. 1966ರಲ್ಲಿ ವಸತಿಗಾಗಿ ಹೋರಾಡುವ ‘ಶೆಲ್ಟರ್’ ಸಂಸ್ಥೆಯೂ ಇಲ್ಲೇ ಉದ್ಘಾಟನೆಗೊಂಡಿತು.

ಕಾನೂನು ಬಹಳ ನಿಧಾನವಾಗಿ ಈ ಬಾಗಿಲಿನ ಹಿಂದೆ ನಡೆದು ಬಂದಿದೆ. 1824ರ ಅಲೆಮಾರಿತನದ ಕಾಯ್ದೆ ಬೀದಿಯಲ್ಲಿ ಮಲಗುವುದನ್ನೇ ಅಪರಾಧವಾಗಿಸಿತ್ತು. 1977ರ ಕಾಯ್ದೆ ಸ್ಥಳೀಯ ಆಡಳಿತಗಳ ಮೇಲೆ ಮನೆಯಿಲ್ಲದವರ ವಸತಿಯ ಹೊಣೆ ಹೊರಿಸಿತು. ಆದರೆ ಮಕ್ಕಳಿರುವ ಕುಟುಂಬ, ಗರ್ಭಿಣಿಯರು, ವೃದ್ಧರು, ಅಶಕ್ತರಿಗೆ ಆದ್ಯತೆ ಕೊಟ್ಟು, ಒಂಟಿಯಾದ ಗಟ್ಟಿಮುಟ್ಟಿನ ವಯಸ್ಕರನ್ನು ಹೊರಗೇ ಬಿಟ್ಟಿತು. 2017ರ ಕಾಯ್ದೆ ಅಂಥವರಿಗೆ ಸಿಗುವ ನೆರವನ್ನು ಸ್ವಲ್ಪ ವಿಸ್ತರಿಸಿತು. ನಡುವಿನ ನಲವತ್ತು ವರ್ಷ ‘ನಿನಗೆ ಹಕ್ಕಿಲ್ಲ’ ಎಂಬ ಉತ್ತರ ಪಡೆದು ಬಂದವರು ಸೇಂಟ್ ಮಾರ್ಟಿನ್ಸಿನಂಥ ಹಗಲು ಕೇಂದ್ರಗಳ ಮೆಟ್ಟಿಲು ಹತ್ತಿದರು.

2003ರಲ್ಲಿ ಚರ್ಚಿನ ಘಟಕವೂ ‘ಲಂಡನ್ ಕನೆಕ್ಷನ್’ ಎಂಬ ಸಂಸ್ಥೆಯೂ ಒಂದಾಗಿ ‘ದ ಕನೆಕ್ಷನ್ ಅಟ್ ಸೇಂಟ್ ಮಾರ್ಟಿನ್ಸ್’ ಎಂಬ ಕೇಂದ್ರ ಹುಟ್ಟಿತು. ಇಂಥ ಕೇಂದ್ರ ಕೊಡುವುದು ಸಣ್ಣ ಸಂಗತಿಗಳಂತೆ ಕಾಣುತ್ತದೆ: ಸ್ನಾನ, ಒಗೆದ ಬಟ್ಟೆ, ಬಿಸಿ ಊಟ. ಆದರೆ ಮೈ ಶುಚಿಯಾಗದೆ ಕೆಲಸದ ಸಂದರ್ಶನಕ್ಕೆ ಹೋಗುವುದು ಹೇಗೆ? ವಿಳಾಸವಿಲ್ಲದವರಿಗೆ ಸರ್ಕಾರದ ಪತ್ರ ಬರುವುದೆಲ್ಲಿಗೆ? ಗುರುತಿನ ಚೀಟಿ ಕಳೆದುಕೊಂಡವರಿಗೆ ಭತ್ಯೆ ಸಿಗುವುದು ಹೇಗೆ? ಒಂದೊಂದು ಗಂಟೂ ಇನ್ನೊಂದನ್ನು ಬಿಗಿಯುತ್ತದೆ. ಅದನ್ನು ಬಿಡಿಸಲು ದಿನಗಟ್ಟಲೆ ಜೊತೆಗೆ ಕೂರುವವರು ಬೇಕು. ಬೀದಿಯಲ್ಲಿ ಮೋಸ, ಹೊಡೆತ ತಿಂದವರು ಮೊದಲ ದಿನವೇ ತಮ್ಮ ಕಥೆ ಹೇಳುವುದಿಲ್ಲ. ಆದ್ದರಿಂದಲೇ ಚಹಾ ಮೊದಲು, ಅರ್ಜಿ ಆಮೇಲೆ. ನಂಬಿಕೆ ಹುಟ್ಟಿದ ದಿನ ಮನೆಯ ಮಾತು ಶುರುವಾಗುತ್ತದೆ.

ಲಂಡನ್ನಿನಲ್ಲಿ ಮನೆಯಿಲ್ಲದೆ ತೀರಿಕೊಂಡವರ ಹೆಸರುಗಳನ್ನು ಪ್ರತಿ ನವೆಂಬರಿನಲ್ಲಿ ಚರ್ಚಿನಲ್ಲಿ ಗಟ್ಟಿಯಾಗಿ ಓದುತ್ತಾರೆ. ಬದುಕಿದ್ದಾಗ ಯಾರೂ ಹೆಸರು ಹಿಡಿದು ಕರೆಯದವರಿಗೂ ಅಲ್ಲಿ ಹೆಸರಿದೆ.

ಥೇಮ್ಸ್ ನದಿಯ ಆಚೆ ದಡದಲ್ಲಿ, ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನಲ್ಲಿ, 2015ರಿಂದ ಬಸವಣ್ಣನವರ ಪುತ್ಥಳಿಯಿದೆ. ಬಂದವರ ಕುಲ ಕೇಳದೆ ಎಲೆ ಹಾಕುವ ದಾಸೋಹದ ನಾಡಿನಿಂದ ಬಂದ ನಮಗೆ ಸೇಂಟ್ ಮಾರ್ಟಿನ್ಸಿನ ರೀತಿ ಪರಕೀಯವಲ್ಲ. ಈ ನಗರದಲ್ಲಿ ನೆಲೆ ಕಂಡುಕೊಂಡ ಕನ್ನಡಿಗರು ವರ್ಷಕ್ಕೊಮ್ಮೆ ಪುತ್ಥಳಿಗೆ ಮಾಲೆ ಹಾಕಿದರೆ ಸಾಲದು. ಬಿಡುವಿನ ಕೆಲವು ಗಂಟೆಗಳನ್ನು ಇಂಥ ಕೇಂದ್ರಗಳಿಗೆ ಕೊಡೋಣ. ಬೀದಿಯಲ್ಲಿ ಮಲಗಿದವರನ್ನು ಕಂಡರೆ ಸ್ಟ್ರೀಟ್‌ಲಿಂಕ್ ಸೇವೆಗೆ ತಿಳಿಸೋಣ. ಕಾನೂನು ಇನ್ನೂ ತಲುಪದ ಮನುಷ್ಯರಿದ್ದಾರೆ. ಅದು ಅವರನ್ನು ತಲುಪುವವರೆಗೆ ಬಾಗಿಲು ತೆರೆದಿಡುವ ಕೆಲಸ ನಮ್ಮದೂ ಹೌದು.