ಅಪ್‌ಡೇಟ್ ಆದ್ಮೇಲೆ ಬಂದ ಹಸಿರು ಗೆರೆ

ರಾತ್ರಿ ಅಪ್‌ಡೇಟ್ ಹಾಕಿ ಮಲಗೋದು, ಮುಂಜಾನೆ ಸ್ಕ್ರೀನ್ ಮ್ಯಾಲಿಂದ ತಳದ ತನಕ ಹಸಿರು ಗೆರೆ! ಆಳಂದ, ಅಫಜಲಪುರ, ಜೇವರ್ಗಿ ದೋಸ್ತರೇ, ಇದಕ್ಕೂ ಒಂದು ಇತಿಹಾಸ ಅದ.

2018ರಲ್ಲಿ ಐಓಎಸ್ 11.3 ಬಂದಾಗ, ಹೊರಗಿನ ಅಂಗಡಿಯಲ್ಲಿ ಸ್ಕ್ರೀನ್ ಬದಲಿಸಿದ್ದ ಕೆಲವು ಐಫೋನ್ 8ಗಳಲ್ಲಿ ಟಚ್ ನಿಂತುಹೋಯಿತು. ಅದು ಸಾಫ್ಟ್‌ವೇರ್ ತೊಂದರೆ, 11.3.1 ಬಂದು ಸರಿಹೋಯಿತು.

ಹಸಿರು ಗೆರೆ ಹಂಗಲ್ಲ. ಅದು ಅಮೋಲೆಡ್ ಪರದೆಗೇ ಆದ ಹಾನಿ, ಮುಂದಿನ ಅಪ್‌ಡೇಟ್‌ಗೆ ಹೋಗಲ್ಲ. ಭಾರತದಲ್ಲಿ ದೂರು ಹೆಚ್ಚಾದ ಮೇಲೆ ಒನ್‌ಪ್ಲಸ್ 2023ರಲ್ಲಿ 8 ಪ್ರೊ, 8ಟಿ, 9, 9ಆರ್ ಫೋನುಗಳಿಗೆ, 2024ರ ಜುಲೈನಲ್ಲಿ ತನ್ನ ಎಲ್ಲ ಫೋನುಗಳಿಗೂ ಈ ದೋಷಕ್ಕೆ ಜೀವಮಾನ ವಾರಂಟಿ ಘೋಷಿಸಿತು. ಅದೇ ವರ್ಷ, ಶಾಖ ಮತ್ತು ತೇವ ತಡೆಯೋ ಹೊಸ ಪದರವನ್ನು ಪರದೆಯ ಅಂಚಿಗೆ ಸೇರಿಸಿದ್ದಾಗಿ ಹೇಳಿತು. ಬ್ಯಾಸಗಿಗೆ 40 ಡಿಗ್ರಿ ದಾಟೋ ನಮ್ಮ ಜಿಲ್ಲೆಗೆ ಇದು ಸಣ್ಣ ಮಾತಲ್ಲ.

ಅದಕ್ಕ, ರೊಕ್ಕ ಕೊಟ್ಟು ಹೊರಗ ಸ್ಕ್ರೀನ್ ಹಾಕಿಸೋಕಿಂತ ಮೊದಲು ಕಂಪನಿಯ ಸರ್ವಿಸ್ ಸೆಂಟರ್‌ನಾಗ ಕೇಳ್ರಿ. ಒಪ್ಪಲಿಲ್ಲಂದ್ರ ಗ್ರಾಹಕ ಸಹಾಯವಾಣಿ 1915. ಅಲ್ಲೂ ಆಗದಿದ್ರ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಎರಡು ವರ್ಷದೊಳಗೆ ಕಲಬುರಗಿಯ ಜಿಲ್ಲಾ ಆಯೋಗಕ್ಕೆ ಹೋಗಬಹುದು. ವಸ್ತುವಿಗೆ ಕೊಟ್ಟ ಬೆಲೆ 5 ಲಕ್ಷದ ಒಳಗಿದ್ರ ಶುಲ್ಕ ಇಲ್ಲ.

ಬಿಲ್ ಮಾತ್ರ ಜೋಪಾನ ಇಟ್ಕೋರಿ.

#ಹಸಿರುಗೆರೆ #ಕಲಬುರಗಿ #ಗ್ರಾಹಕರಹಕ್ಕು