ಮೈಸನ್ ಪಿಂಗಾಣಿ

ಜರ್ಮನಿಯ ಸ್ಯಾಕ್ಸನಿಯಲ್ಲಿ ಎಲ್ಬ ನದಿಯ ದಂಡೆಯ ಮೈಸನ್ ಊರಿನಲ್ಲಿ ತಯಾರಾಗುವ ಪಿಂಗಾಣಿ. ಚೀನಾ, ಜಪಾನುಗಳಿಂದ ಬರುತ್ತಿದ್ದ ಗಟ್ಟಿ ಪಿಂಗಾಣಿಯನ್ನು ಮಾಡುವ ಗುಟ್ಟು ಬಹುಕಾಲ ಯುರೋಪಿಗೆ ದಕ್ಕಿರಲಿಲ್ಲ. ಕೀಳು ಲೋಹವನ್ನು ಚಿನ್ನ ಮಾಡಬಲ್ಲೆನೆಂದ ಬ್ಯೋಟ್ಗರ್ ಎಂಬ ತರುಣನನ್ನು ಸ್ಯಾಕ್ಸನಿಯ ಅರಸ ಅಗಸ್ಟಸ್ ಕಾವಲಿನಲ್ಲಿಟ್ಟಿದ್ದ. ಚಿನ್ನವೇನೋ ಬರಲಿಲ್ಲ. ವಿದ್ವಾಂಸ ಚಿರ್ನ್‌ಹೌಸ್ ಜೊತೆಗೂಡಿ ನಡೆಸಿದ ಪ್ರಯೋಗಗಳಿಂದ 1708-09ರ ಸುಮಾರಿಗೆ ಬಿಳಿ ಪಿಂಗಾಣಿ ಕೈಗೂಡಿತು. 1710ರಲ್ಲಿ ಕಾರ್ಖಾನೆ ಮೈಸನ್ ಕೋಟೆಯೊಳಗೆ ನೆಲೆಸಿತು. ಇಷ್ಟು ಬಂದೋಬಸ್ತಿದ್ದರೂ ಹತ್ತು ವರ್ಷದೊಳಗೆ ಗುಟ್ಟು ವಿಯೆನ್ನಾ ಸೇರಿತು.

ಅಡ್ಡಡ್ಡ ಇಟ್ಟ ಎರಡು ನೀಲಿ ಕತ್ತಿಗಳು ಇದರ ಗುರುತು. ಸ್ಯಾಕ್ಸನಿಯ ಲಾಂಛನದಿಂದ ಬಂದದ್ದು, 1720ರ ದಶಕದಿಂದ ಬಳಕೆಯಲ್ಲಿದೆ. ಆದರೆ ಕತ್ತಿಯನ್ನಷ್ಟೇ ನೋಡಿ ನಂಬುವಂತಿಲ್ಲ. ಇಂಗ್ಲೆಂಡಿನ ವೂಸ್ಟರ್ ಕಾರ್ಖಾನೆ 18ನೆಯ ಶತಮಾನದಲ್ಲೇ ಅದನ್ನು ನಕಲು ಮಾಡಿತು. ಮುಂದೆ ಪ್ಯಾರಿಸ್ಸಿನ ಸ್ಯಾಮ್ಸನ್ ಸಂಸ್ಥೆಯೂ ಅದನ್ನೇ ಹೋಲುವ ಗುರುತು ಹಾಕಿತು. ತಟ್ಟೆ ಮಗುಚಿ ಉಗುರಾಡಿಸಬೇಕು. ಅಸಲಿ ಗುರುತನ್ನು ಸಾಮಾನ್ಯವಾಗಿ ಮೆರುಗು ಹಚ್ಚುವ ಮೊದಲೇ ಕೋಬಾಲ್ಟ್ ನೀಲಿಯಲ್ಲಿ ಕೈಯಿಂದ ಬರೆದಿರುತ್ತಾರೆ. ಹಾಗಾಗಿ ಅದು ಗಾಜಿನಡಿಯಲ್ಲಿದ್ದಂತೆ ನುಣುಪಾಗಿರುತ್ತದೆ. ಮೇಲೆ ಬಳಿದದ್ದಾದರೆ ಬೆರಳಿಗೆ ತಾಗುತ್ತದೆ. ಕತ್ತಿಗಳ ನಡುವಿನ ಚುಕ್ಕೆ 1763-74ರ ಅವಧಿಯನ್ನು, ನಕ್ಷತ್ರ 1774ರಿಂದ 1814ರವರೆಗಿನ, ಕಾರ್ಖಾನೆಯ ನಿರ್ದೇಶಕ ಮಾರ್ಕೊಲೀನಿಯ ಕಾಲವನ್ನು ಸೂಚಿಸುತ್ತದೆ. ಚುಕ್ಕೆ 1924-34ರಲ್ಲಿ ಮರಳಿದ್ದರಿಂದ, ಅದೊಂದನ್ನೇ ಹಿಡಿದು ಕಾಲ ಹೇಳುವುದು ತಪ್ಪಾದೀತು.

ಎಲ್ಲಕ್ಕಿಂತ ಹೆಚ್ಚು ನಕಲಾದದ್ದು 1740ರ ಸುಮಾರಿನ 'ಈರುಳ್ಳಿ ವಿನ್ಯಾಸ'. ಅದರಲ್ಲಿ ಈರುಳ್ಳಿಯೇ ಇಲ್ಲ. ಅಂಚಿನಲ್ಲಿರುವುದು ಚೀನೀ ಮಾದರಿಯ ದಾಳಿಂಬೆ ಮತ್ತು ಪೀಚ್. ಗೊತ್ತಿಲ್ಲದವರು ಇಟ್ಟ ಹೆಸರು ನಿಂತುಬಿಟ್ಟಿತು. ನಕಲಿನ ಕಾಟ ತಡೆಯಲಾಗದೆ ಕಾರ್ಖಾನೆ 1888ರಿಂದ ತಟ್ಟೆಯ ಮುಖದಲ್ಲಿಯೇ, ವಿನ್ಯಾಸದಲ್ಲಿರುವ ಬಿದಿರಿನ ಬುಡದಲ್ಲಿ, ಪುಟ್ಟ ಕತ್ತಿಗಳನ್ನು ಬರೆಯತೊಡಗಿತು. 'ಜರ್ಮನಿ' ಎಂಬ ಇಂಗ್ಲಿಷ್ ಮುದ್ರೆ ಹಿಂಬದಿಯಲ್ಲಿದ್ದರೆ ಆ ತಟ್ಟೆ ಬಹುಮಟ್ಟಿಗೆ ಅಮೆರಿಕದ 1890ರ ಸುಂಕದ ಕಾನೂನಿನ ನಂತರದ್ದು.

ಬೆಲೆಯನ್ನು ತೂಗುವಾಗ ಪ್ರಾಯಕ್ಕಿಂತ ಚಿತ್ರಕಾರನ ಕೈ ಮುಖ್ಯ. ಕತ್ತಿಗಳ ಮೇಲೆ ಅಡ್ಡಲಾಗಿ ಗೀರಿದ ಗೆರೆಗಳಿದ್ದರೆ ಕಾರ್ಖಾನೆಯೇ ಅದನ್ನು ಎರಡನೆಯ ದರ್ಜೆಗೆ ಇಳಿಸಿದೆ ಎಂದರ್ಥ. ಬೆರಳಿನಿಂದ ಮೆಲ್ಲನೆ ತಟ್ಟಿದಾಗ ಠಣ್ ಎನ್ನದೆ ಮಂಕಾಗಿ ಸದ್ದು ಮಾಡಿದರೆ ಎಲ್ಲೋ ಬಿರುಕಿದೆ. ಮುಚ್ಚಳ ಕಳೆದ ಕಾಫಿ ಪಾತ್ರೆಯ ಬೆಲೆ ತೀರಾ ಇಳಿಯುತ್ತದೆ.

ಜೊತೆ ತಪ್ಪಿದ ಪಾತ್ರೆಗೆ ಬೆಲೆಯಿಲ್ಲ ಎಂಬುದಕ್ಕೆ ಅಪವಾದವೂ ಉಂಟು. ಶಿಲ್ಪಿ ಕೆಂಡ್ಲರ್ 1737ರಿಂದ ಕೌಂಟ್ ಬ್ರ್ಯೂಲ್‌ಗಾಗಿ ಮಾಡಿದ 'ಹಂಸ' ಊಟದ ಸೆಟ್ಟಿನಲ್ಲಿ 2000ಕ್ಕೂ ಹೆಚ್ಚು ಪಾತ್ರೆಗಳಿದ್ದವು. ಎರಡನೆಯ ಮಹಾಯುದ್ಧದಲ್ಲಿ ಬಹಳಷ್ಟು ನಾಶವಾಗಿ, ಉಳಿದವು ಚದುರಿದವು. ಜೊಂಡಿನ ನಡುವೆ ತೇಲುವ ಜೋಡಿ ಹಂಸಗಳು ಉಬ್ಬುಗೆತ್ತನೆಯಲ್ಲಿ ಮೂಡಿದ ಅದರ ಒಂಟಿ ತಟ್ಟೆಗಳನ್ನೂ ವಸ್ತುಸಂಗ್ರಹಾಲಯಗಳು ಜೋಪಾನವಾಗಿ ಕಾಪಾಡುತ್ತಿವೆ.